ಕಾವಿನ ಪಾಳಿ

ಜುಲೈ. ಮೊಂತೆವಿದೆಯೊದಲ್ಲಿ ಚಳಿಗಾಲ. ನದಿಯ ಕಡೆಯಿಂದ
ಗಾಳಿ ಬಂದು ಕಿವಿ ಹಿಂಡುತ್ತದೆ. ಐದೂಕಾಲರ ಬಸ್ಸಿನಲ್ಲಿ
ನಾನು, ಬೇಕರಿಯ ಇಬ್ಬರು ಹುಡುಗರು, ತೊಡೆಯ ಮೇಲೆ
ಯೆರ್ಬಾ ಸೊಪ್ಪಿನ ಕಷಾಯಕ್ಕೆಂದು ಬಿಸಿನೀರಿನ ಫ್ಲಾಸ್ಕು.
ಮಂಗಳವಾರ ಸಂಜೆ ಆರಕ್ಕೆ ಕಾವಿಗಿಟ್ಟದ್ದು;
ಮೂವತ್ತಾರು ಗಂಟೆ ಎಂದರೆ ಗುರುವಾರ ಬೆಳಗಿನ ಆರು.
ಗುಂಡಿಗೆ ನಮ್ಮ ಗಡಿಯಾರ ಕೇಳುವುದಿಲ್ಲ.

ಕೋಳಿಯಾಗಿದ್ದರೆ ಸುಮ್ಮನೆ ಕೂರುತ್ತಿತ್ತು.
ನಾನು ತಟ್ಟೆಯ ನೀರು ಆರದಂತೆ ನೋಡಬೇಕು,
ಮೂವತ್ತೆಂಟು ಡಿಗ್ರಿ ಕದಲದಂತೆ ಕಾಯಬೇಕು.
ಹೋದ ತಿಂಗಳು ಕರೆಂಟು ಹೋದ ರಾತ್ರಿ
ಫ್ಲಾಸ್ಕಿನ ನೀರನ್ನೆಲ್ಲ ಬಾಟಲಿಗೆ ಸುರಿದು ಒಳಗಿಟ್ಟು
ಪೆಟ್ಟಿಗೆಗೆ ನನ್ನ ಕೋಟು ಹೊದಿಸಿ
ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.
ಬೆಳಿಗ್ಗೆ ಬಂದ ಡಾಕ್ಟರ್ ಬೆರ್ರುತ್ತಿ,
'ತಾಪಮಾನ ಬರೆದಿಟ್ಟೆಯಾ?' ಎಂದರು.
ಬರೆದಿಟ್ಟಿದ್ದೆ. ಹದಿನೈದು ನಿಮಿಷಕ್ಕೊಮ್ಮೆ.

ಸಿರಿಂಜಿನಲ್ಲಿ ಬಿಳಿಯ ಲೋಳೆ ಒಂದಿಷ್ಟು ಎಳೆ.
ಚಿಪ್ಪಿಗೆ ಟೇಪು. ಕತ್ತರಿಯ ಮೊನೆಯಲ್ಲಿ ಒಂದು ಕಿಟಕಿ.
ಉಸಿರು ಹಿಡಿ, ಚೂರೂ ಒಳಗೆ ಬೀಳಕೂಡದು.
ತೆಳುಪೊರೆಯ ಅಡಿಗೆ ಒಂದು ಹನಿ ಕಪ್ಪು ಶಾಯಿ ಹಾಯಿಸಿದರೆ
ಕತ್ತಲ ಮೇಲೆ ಬರೆದಂತೆ ಎದ್ದು ಬರುತ್ತದೆ
ಅಕ್ಕಿಕಾಳಿಗಿಂತ ಚಿಕ್ಕ ಜೀವ.
ಎಡದಿಂದೊಂದು ಬಲದಿಂದೊಂದು ಬಂದ ಕೊಳವೆಗಳು
ನಡುವಲ್ಲಿ ಕೂಡಿ ಒಂದಾಗಿವೆ.
ಕೂಡದೆ ಹೋದರೆ ಎರಡು ಗುಂಡಿಗೆ,
ಎರಡೂ ತಮ್ಮ ತಮ್ಮ ಪಾಡಿಗೆ ಬಡಿಯುತ್ತವೆ.
ಅದನ್ನೂ ನೋಡಿದ್ದೇನೆ: ಮಾರ್ಚ್, ಮೂರನೇ ನಂಬರು,
ನಾನೂ ಹೊರಾಸಿಯೊನೂ ಬೇರೆ ಮನೆ ಮಾಡಿದ ತಿಂಗಳು.
ಇರಲಿ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಮೊದಲು ಏನೂ ಇಲ್ಲ. ಆಮೇಲೆ ಬಲಬದಿಯಲ್ಲಿ ಒಂದು ನಡುಕ,
ನನ್ನ ಮಣಿಕಟ್ಟಿನದೇ ಇರಬಹುದು.
ಮೇಜಿನಿಂದ ಕೈ ತೆಗೆದೆ.
ಮತ್ತೆ ನಡುಕ.
ಸಾಗಿಸಲು ರಕ್ತವಿಲ್ಲ, ಹೇಳಿಕೊಡಲು ನರವಿಲ್ಲ,
ಯಾರ ಮೇಲೂ ಸಿಟ್ಟಿಲ್ಲ, ಮೋಹವಿಲ್ಲ;
ಖಾಲಿ ಕೊಳವೆ, ಕೆಲಸಕ್ಕೆ ಹಾಜರು.

ಮೊಟ್ಟೆ ತರುವ ದೋನ್ ಬಸೀಲಿಯೊ ಕಾನೆಲೋನೆಸ್‌ನವ,
ಐವತ್ತು ವರ್ಷ ಕೋಳಿಗಳ ಜೊತೆ ಬಾಳಿದವ.
ಒಂದು ಗುರುವಾರ ಬಾಕಿ ಹಣಕ್ಕೆಂದು ಬಂದು
'ನಮ್ಮ ಮೊಟ್ಟೆಗೆ ನೀವು ಮಾಡುವುದಾದರೂ ಏನು, ನೀಲ್ದಾ?' ಎಂದ.
ಸ್ಟೂಲು ಎಳೆದುಕೊಟ್ಟೆ. ಟೋಪಿ ತೆಗೆದು, ಕನ್ನಡಕ ಹಣೆಗೇರಿಸಿ
ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಬಹಳ ಹೊತ್ತು ಮಾತಿಲ್ಲ.
'ಇಷ್ಟು ಬೇಗನೆ?' ಎಂದ. ತಡೆದು, 'ಆಮೇಲೆ?'
'ಆಮೇಲೆ ನಾವು ನಿಲ್ಲಿಸುತ್ತೇವೆ.'
ಫಾರ್ಮಲಿನ್ ಬಾಟಲಿ ಅಲ್ಲೇ ಇತ್ತು, ಮುಚ್ಚಳ ತೆಗೆದು.
ಪ್ರತಿ ಭಾನುವಾರ ಕೋಳಿಯ ಕತ್ತು ಮುರಿಯುವ ಕೈ
ಟೋಪಿಯ ಅಂಚನ್ನು ಸುತ್ತ ಸುತ್ತ ತಿರುಗಿಸಿತು.

ಮುಂದಿನ ವಾರ ಟ್ರೇಯಲ್ಲಿ ಹನ್ನೆರಡಲ್ಲ, ಹದಿಮೂರು.
ಕೊನೆಯದರ ಮೇಲೆ ಅವನ ಸೊಟ್ಟ ಅಕ್ಷರ:
'ಇದನ್ನು ಬಿಡಿ.'

ಅನುಮತಿಯಿಲ್ಲದೆ ಮರಿ ಒಡೆಸುವಂತಿಲ್ಲ, ನಿಯಮವಿದೆ.
ಆದರೂ ಹಿಂದಿನ ಮೂಲೆಯಲ್ಲಿಟ್ಟೆ,
ದಿನಕ್ಕೆ ಮೂರು ಸಲ ಹೊರಳಿಸಿದೆ, ಭಾನುವಾರವೂ ಬಂದೆ.
ಐದನೇ ದಿನ ದೀಪಕ್ಕೆ ಹಿಡಿದರೆ
ನಾಳಗಳ ಜೇಡರಬಲೆಯಿಲ್ಲ, ಕಣ್ಣಿನ ಚುಕ್ಕೆಯಿಲ್ಲ,
ಬರಿಯ ಹಳದಿ ಬೆಳಕು. ಹುಂಜ ಮುಟ್ಟದ ಮೊಟ್ಟೆ.

ಹದಿನಾಲ್ಕು ವರ್ಷದ ನೋಟ್‌ಬುಕ್ಕುಗಳಲ್ಲಿ
ನಾನು ತಿದ್ದಿದ ಅಂಕೆ ಒಂದಿಲ್ಲ.
ಡಾಕ್ಟರರ ಲೇಖನಗಳ ತುದಿಯಲ್ಲಿ, ಧನ್ಯವಾದದ ಸಾಲಿನಲ್ಲಿ
ಎನ್. ಎಚೆವೆರ್ರಿ ಎಂದಿರುತ್ತದಲ್ಲ, ಅದು ನಾನೇ.

ಮಂಗಳವಾರ ದೋನ್ ಬಸೀಲಿಯೊ ಟ್ರೇ ಇಳಿಸುತ್ತ
ಹುಬ್ಬನ್ನಷ್ಟೇ ಎತ್ತಿ ಕೇಳಿದ.
'ಬಡಿಯುತ್ತಿದೆ,' ಎಂದೆ.
ಹೊಸ ಹನ್ನೆರಡಕ್ಕೆ ನಂಬರು ಹಾಕಲು
ಪೆನ್ಸಿಲು ಕೆತ್ತುತ್ತ ಕೂತೆ.